ಮಿಸ್ತ್ರಿ ಪಾಸು ಮಾಡಿದ ಐದು ಬಸ್ಸು

ಮಿಸ್ತ್ರಿ ತೀರಿಕೊಂಡು ಮೂರು ತಿಂಗಳಾಯಿತು. ಈಗಲೂ ವಾರಕ್ಕೊಬ್ಬ ಡ್ರೈವರ್ ನನ್ನ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ಕೇಳುತ್ತಾನೆ: "ಮಿಸ್ತ್ರಿ ಎಲ್ಲದಾರ್ರಿ ಸಾವ್ಕಾರ್ರ?" ನಾನು ಕೈ ಮೇಲಕ್ಕೆ ತೋರಿಸುತ್ತೇನೆ. ಕೆಲವರು ನಮ್ಮ ಮಾಳಿಗೆಯ ಕಡೆ ನೋಡುತ್ತಾರೆ. ಆಮೇಲೆ ಅರ್ಥವಾಗಿ, ಇಂಜಿನ್ ಬಂದ್ ಮಾಡಿ, ಕೈ ಮುಗಿದು, ಮತ್ತೆ ಚಾಲೂ ಮಾಡಿಕೊಂಡು ಹೋಗುತ್ತಾರೆ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಬಿಡಿಭಾಗಗಳ ಅಂಗಡಿ. ಪಕ್ಕದಲ್ಲಿ ಖಾಲಿ ಜಾಗ, ಅದರಲ್ಲೊಂದು ಬೇವಿನ ಗಿಡ. ಅದರ ಕೆಳಗೇ ಮಿಸ್ತ್ರಿಯ ಗ್ಯಾರೇಜು. ಗ್ಯಾರೇಜು ಎಂದು ನಾವು ಕರೆಯುತ್ತಿದ್ದೆವು, ಅಷ್ಟೇ. ಗೋಡೆಯಿಲ್ಲ, ಬೋರ್ಡಿಲ್ಲ. ಒಂದು ಕಬ್ಬಿಣದ ಪೆಟ್ಟಿಗೆ, ನಾಲ್ಕು ಜಾಲಿ ಕಟ್ಟಿಗೆಯ ದಿಮ್ಮಿ, ಹಾಸಿಕೊಳ್ಳಲು ಒಂದು ಗೋಣಿಚೀಲ. ಅವರ ಊರು ರಂಗಂಪೇಟೆ. ಮುಂಜಾನೆ ಸುರಪುರದ ಕಡೆಯಿಂದ ಬರುವ ಮೊದಲ ಬಸ್ಸಿಗೆ ಬಂದಿಳಿದು, ಅಂಗಡಿಯ ಬಾಗಿಲು ತೆಗೆಯುತ್ತಿದ್ದ ನನ್ನನ್ನು ನೋಡಿ, "ಇನ್ನೂ ಈಗ ಎದ್ದೀರೇನ್ರಿ?" ಎಂದು ಕೇಳದಿದ್ದರೆ ಅವರಿಗೆ ದಿನ ಶುರುವಾಗುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಹದಿನಾಲ್ಕು ವರ್ಷ ದಿನವೂ ಬಂತು.

ಅವರ ಕೆಲಸ ಒಂದೇ: ಗಾಳಿ ಬಲೂನು. ಹಿಂದೆ ಬಸ್ಸುಗಳು ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿಗಳ, ಪಾಟಾಗಳ ಮೇಲೆ ಕೂರುತ್ತಿದ್ದವು. ಈಗಿನ ಸ್ಲೀಪರ್ ಬಸ್ಸುಗಳು ಗಾಲಿಗಳ ಹತ್ತಿರ ದಪ್ಪ ರಬ್ಬರಿನ ಬಲೂನುಗಳ ಮೇಲೆ ಕೂರುತ್ತವೆ. ಮಂದಿ ಹತ್ತಿದರೆ ಬಸ್ಸು ತಗ್ಗುತ್ತದೆ, ಆಗ ಒಂದು ವಾಲ್ವ್ ತೆರೆದು ಬಲೂನಿಗೆ ಗಾಳಿ ತುಂಬುತ್ತದೆ. ಮಂದಿ ಇಳಿದರೆ ಗಾಳಿ ಬಿಡುತ್ತದೆ. ಬಸ್ಸು ತಗ್ಗಿತೋ ಎದ್ದಿತೋ ಎಂಬುದು ಆ ವಾಲ್ವಿಗೆ ತಿಳಿಯುವುದು ಒಂದು ಸಣ್ಣ ಕಡ್ಡಿಯಿಂದ. ಕಡ್ಡಿಯ ಒಂದು ತುದಿ ವಾಲ್ವಿಗೆ, ಇನ್ನೊಂದು ತುದಿ ಗಾಲಿಯ ಅಚ್ಚಿಗೆ. ಇಷ್ಟರಲ್ಲಿ ಎಲ್ಲೇ ಕೆಟ್ಟರೂ ಬಸ್ಸು ಒಂದು ಮಗ್ಗುಲಿಗೆ ವಾಲುತ್ತದೆ. ವಾಲಿದ ಬಸ್ಸನ್ನು ನೋಡಿದವರೆಲ್ಲ ಬಲೂನು ಹೋಯಿತು ಎನ್ನುತ್ತಾರೆ. ನನಗೂ ಅದೇ ಬೇಕಾಗಿತ್ತು, ಬಲೂನು ಮಾರುವವನು ನಾನು. ಮಿಸ್ತ್ರಿ ಮಾತ್ರ ಹಾಗೆನ್ನುತ್ತಿರಲಿಲ್ಲ.

"ಮೊದಲ ಗಾಡಿ ಹ್ಯಾಂಗ ಕುಂತದ ನೋಡ್ರಿ. ಕೈ ಆಮ್ಯಾಲ ಹಚ್ರಿ," ಎನ್ನುವರು. ಬಸ್ಸನ್ನು ಸಪಾಟು ನೆಲದ ಮೇಲೆ ನಿಲ್ಲಿಸಿ, ಗಾಳಿ ತುಂಬಿಸಿ, ಕೀಲಿ ತೆಗೆದುಕೊಂಡು ತಮ್ಮ ಉಡದಾರಕ್ಕೆ ಕಟ್ಟಿಕೊಳ್ಳುವರು. ಅವರು ಕೆಳಗಿದ್ದಾಗ ಯಾವ ಡ್ರೈವರೂ ಗಾಡಿ ಚಾಲೂ ಮಾಡುವಂತಿಲ್ಲ. ಆಮೇಲೆ ಟಯರಿನ ತಲೆಯಿಂದ ಮೇಲಿನ ತಗಡಿನವರೆಗೆ ಗೇಣು ಹಾಕಿ, ಉಳಿದದ್ದನ್ನು ಬೆರಳಿನಿಂದ ಅಳೆದು, ನಾಲ್ಕೂ ಮೂಲೆಯ ಲೆಕ್ಕವನ್ನು ಟಯರಿನ ಮೇಲೇ ಸೀಮೆಸುಣ್ಣದಲ್ಲಿ ಗುರುತು ಹಾಕುವರು. ಅಷ್ಟು ಮಾಡಿ ಚಹಾಕ್ಕೆ ಹೊರಡುವರು.

ಈ ಚಹಾ ಡ್ರೈವರುಗಳ ತಲೆ ತಿನ್ನುತ್ತಿತ್ತು. ಮಾಲೀಕ ಫೋನಿನಲ್ಲಿ ಕೂಗುತ್ತಿರುತ್ತಾನೆ, ಮಂದಿ ಗಂಟುಮೂಟೆ ಹಿಡಿದುಕೊಂಡು ಕಾಯುತ್ತಿರುತ್ತಾರೆ, ಇವರು ಬಶಿಯಲ್ಲಿ ಚಹಾ ಸುರಿದುಕೊಂಡು ಊದುತ್ತಾ ಕೂತಿರುತ್ತಾರೆ. "ಜಲ್ದಿ ಮಾಡ್ರಿ ಮಿಸ್ತ್ರಿ," ಎಂದರೆ, "ನಾ ಏನ್ ಜಲ್ದಿ ಮಾಡ್ಲೋ? ಗಾಳಿ ತಾ ಹೋಗೂ ಹೊತ್ತಿಗೆ ಹೋಗ್ತದ," ಎನ್ನುವರು. ಚಹಾ ಮುಗಿಸಿ ಬಂದು ಮತ್ತೆ ಅಳೆದರೆ ಯಾವುದೋ ಒಂದು ಮೂಲೆ ಒಂದು ಬೆರಳು ಕಡಿಮೆ ಬಂದಿರುತ್ತಿತ್ತು. ಆಗ ನಾಲ್ಕು ದಿಮ್ಮಿಗಳನ್ನು ಬಸ್ಸಿನ ಕೆಳಗೆ ಕೊಟ್ಟು, ಚಪ್ಪಲಿ ಹೊರಗೆ ಬಿಟ್ಟು, ಗೋಣಿಚೀಲ ಹಾಸಿಕೊಂಡು ಆ ಮೂಲೆಗೆ ಹೋಗುವರು. ಚಪ್ಪಲಿ ಯಾಕೆ ಬಿಡುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, "ಅನ್ನ ಕೊಡೂ ಜಾಗಾ ಅಲ್ರೇನ್ರಿ ಅದು?" ಎಂದಿದ್ದರು. ಆ ಮಾತಿಗೆ ನಾನು ನಕ್ಕಿದ್ದೆ.

ಸೋಪಿನ ಪುಡಿಯ ನೀರು ಅವರಿಗೆ ಆಗುತ್ತಿರಲಿಲ್ಲ. ಅದು ಹಿತ್ತಾಳೆಯ ನಟ್ಟುಗಳನ್ನು ತಿನ್ನುತ್ತದೆ ಎಂದು ಅವರ ನಂಬಿಕೆ. ಮನೆಯಿಂದ ಅಂಟುವಾಳಕಾಯಿ ನೆನೆಸಿದ ನೀರನ್ನು ಡಬ್ಬಿಯಲ್ಲಿ ತರುತ್ತಿದ್ದರು. ಅದರ ನೊರೆಯನ್ನು ಪೈಪಿನ ಜೋಡಣೆಗಳಿಗೆ ಸವರಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡುವರು. ಗುಳ್ಳೆ ಎಲ್ಲೂ ಏಳದಿದ್ದರೆ ಆಗ ಬೆರಳಿನ ಸರದಿ. ಬಲೂನಿನ ಕೆಳಭಾಗ ಒಳಕ್ಕೆ ಮಡಚಿಕೊಂಡಿರುತ್ತದಲ್ಲ, ಆ ಮಡಿಕೆಯಲ್ಲಿ ಸೀಳು ಬಿಡುತ್ತದೆ. ಚಾಸಿಯ ಕಡೆಗಿರುವ ಮಗ್ಗುಲಿಗೆ ಕಣ್ಣೂ ಹೋಗುವುದಿಲ್ಲ, ಬ್ಯಾಟರಿಯ ಬೆಳಕೂ ಹೋಗುವುದಿಲ್ಲ. ಮಿಸ್ತ್ರಿ ಕಣ್ಣು ಮುಚ್ಚಿಕೊಂಡು, ಎರಡು ಬೆರಳು ಒದ್ದೆ ಮಾಡಿಕೊಂಡು, ಮಡಿಕೆಯ ಗುಂಟ ಸುತ್ತಿ ಬರುವರು. ಹಾಗೆಯೇ ವಾಲ್ವಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಅದರ ತುದಿಯ ರಬ್ಬರು ಸವೆದಿದೆಯೋ ಇಲ್ಲವೋ ಹೇಳುವರು. ಹತ್ತರಲ್ಲಿ ಏಳು ಸಲ ಬಸ್ಸು ವಾಲುತ್ತಿದ್ದುದು ಕಡ್ಡಿಯಿಂದಲೇ. "ಬಲೂನ್ ಬ್ಯಾಡ್ರಿ, ಕಡ್ಡಿ ಕೊಡ್ರಿ," ಎಂದು ಅಂಗಡಿಗೆ ಬಂದು ಹೇಳುವಾಗ ಅವರ ಮುಖದಲ್ಲೊಂದು ತುಂಟ ನಗು. ನನ್ನ ದೊಡ್ಡ ವ್ಯಾಪಾರ ಕೆಡಿಸಿದ ಖುಷಿ ಅದು. ನಾನೂ ಬೈದುಕೊಂಡೇ ಕಡ್ಡಿ ಕೊಡುತ್ತಿದ್ದೆ.

ಕೊನೆಯಲ್ಲಿ ಅವರು ಡ್ರೈವರನಿಗೆ ಕೀಲಿ ಬಿಚ್ಚಿ ಕೊಟ್ಟು, "ಹೋಗಬಹುದು," ಎನ್ನುವರು. ಆ ಒಂದು ಮಾತಿನ ಮೇಲೆ ಸುರಪುರದ, ಯಾದಗಿರಿಯ, ವಡಗೇರಾದ ಬಸ್ಸುಗಳು ಬೆಂಗಳೂರು, ಪುಣೆ, ಹೈದರಾಬಾದಿಗೆ ಹೊರಡುತ್ತಿದ್ದವು. ಕೆಲಸಕ್ಕೆ ಹೋಗುವ ಗೌಂಡಿಗಳು, ಹಸುಗೂಸು ಎತ್ತಿಕೊಂಡ ಹೆಣ್ಣುಮಕ್ಕಳು, ಜೋಳದ ರೊಟ್ಟಿಯ ಗಂಟು ತಲೆದಿಂಬಿಗಿಟ್ಟು ಮಲಗುವ ಮುದುಕರು, ಎಲ್ಲ ಆ ಮಾತಿನ ಮೇಲೆ ಹೋಗುತ್ತಿದ್ದರು. ಅವರ್ಯಾರಿಗೂ ಮಿಸ್ತ್ರಿಯ ಮುಖ ಗೊತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಅವರಿಗೆ ಯಾವಾಗ ಬಂತೋ ನನಗೆ ತಿಳಿಯದು. ಚಹಾಕ್ಕೆ ಸಕ್ಕರೆ ಬೇಡ ಎಂದದ್ದನ್ನು ಕೇಳಿದ್ದೆ, ಆದರೆ ಜಿಲೇಬಿ ಬೇಡ ಎಂದದ್ದನ್ನು ಕೇಳಿರಲಿಲ್ಲ. ಒಂದು ಮಧ್ಯಾಹ್ನ ಆಗ ತಾನೇ ಬಂದು ನಿಂತಿದ್ದ ಬಸ್ಸಿನ ಹಿಂದೆ ಇಬ್ಬರೂ ಮಾತಾಡುತ್ತಾ ಕುಕ್ಕರುಗಾಲಲ್ಲಿ ಕೂತಿದ್ದೆವು. ಏನೋ ಸುಟ್ಟ ವಾಸನೆ ಬಂತು. ಎಲ್ಲಿ ಎಂದು ನೋಡಿದರೆ ಮಿಸ್ತ್ರಿ ಮಾತಾಡುತ್ತಾ ಸೈಲೆನ್ಸರಿನ ಮೇಲೆ ಬೆರಳೂರಿದ್ದಾರೆ. ತೆಗೆದಿಲ್ಲ. ಗೊತ್ತೇ ಆಗಿಲ್ಲ. ನನ್ನ ಕಣ್ಣು ಎಲ್ಲಿ ನಿಂತಿದೆ ಎಂದು ನೋಡಿ, ಆಮೇಲೆ ಕೈ ತೆಗೆದರು. ಮೂರು ಬೆರಳಿನ ತುದಿ ಬೆಳ್ಳಗಾಗಿದ್ದವು.

ಅವರು ನನ್ನ ಮುಖ ನೋಡಿದರು. ನಾನು ಜೇಬಿನಿಂದ ಫೋನ್ ತೆಗೆದು, ಯಾರೂ ಮಾಡದಿದ್ದ ಫೋನಿಗೆ "ಹಲೋ" ಎಂದು ಎದ್ದು ಹೋದೆ.

ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ. ಆ ದಿನವೇ, "ಮಿಸ್ತ್ರಿ, ಬೆರಳು ಹೋಗ್ಯಾವ, ಇನ್ನ ಸಾಕು ಮಾಡ್ರಿ," ಎನ್ನಬೇಕಿತ್ತು. ಹೇಳಿದರೆ ಅವರ ಅನ್ನ ಹೋಗುತ್ತದೆ ಎಂದು ಸುಮ್ಮನಾದೆ ಎಂದು ಹೆಂಡತಿಗೆ ಹೇಳಿದೆ. ಅರ್ಧ ನಿಜ. ಇನ್ನರ್ಧ ಏನೆಂದರೆ, ಆ ತಿಂಗಳಿಂದ ಮಿಸ್ತ್ರಿ ಅಂಗಡಿಗೆ ಬಂದು ಕಡ್ಡಿ ಕೇಳುವುದನ್ನು ಬಿಟ್ಟರು. "ಬಲೂನ್ ಕೊಡ್ರಿ," ಎನ್ನತೊಡಗಿದರು. ಬೆರಳಿಗೆ ಏನೂ ತಿಳಿಯದಾದಾಗ, ಅನುಮಾನ ಬಂದ ಬಲೂನನ್ನೆಲ್ಲ ಬದಲಾಯಿಸುವುದು ಅವರಿಗೆ ಉಳಿದಿದ್ದ ದಾರಿ. ಹಳೆಯದು ಚೆನ್ನಾಗಿದ್ದರೂ ಹೊಸದು ಹಾಕಿದರೆ ಬಸ್ಸಿಗೇನೂ ಅಪಾಯವಿಲ್ಲವಲ್ಲ. ಅವರ ಮುಖದಲ್ಲಿ ಆ ತುಂಟ ನಗು ಇರಲಿಲ್ಲ. ನಾನು ಸಾಮಾನು ಕಟ್ಟಿಕೊಡುತ್ತಿದ್ದೆ, ತಲೆ ಎತ್ತುತ್ತಿರಲಿಲ್ಲ.

ಹೀಗೆ ಸುಮಾರು ಒಂದು ವರ್ಷ ನಡೆಯಿತು. ಆಮೇಲೆ ಒಂದು ದಿನ ಯಾದಗಿರಿಯ ಒಬ್ಬ ಮಾಲೀಕನ ಬಸ್ಸು ಎಡಕ್ಕೆ ವಾಲಿಕೊಂಡು ಬಂತು. ಮಿಸ್ತ್ರಿ ಹಿಂದಿನ ಎರಡೂ ಬಲೂನು ಬದಲಾಯಿಸಿದರು. ಮರುದಿನ ಮತ್ತೆ ಹಾಗೇ ವಾಲಿಕೊಂಡು ಬಂತು. ಈ ಸಲ ಮಾಲೀಕನೂ ಬಸ್ಸಿನಲ್ಲೇ ಬಂದಿದ್ದ. ಮಿಸ್ತ್ರಿ ಕೆಳಗೆ ಹೋಗಿ ಬಹಳ ಹೊತ್ತು ಇದ್ದರು. ಅವರು ಹೊರಗೆ ಬಂದು ವಾಲ್ವೇ ಹೋಗಿದೆ ಎನ್ನುವಷ್ಟರಲ್ಲಿ, ಆ ಬಸ್ಸಿನ ಡ್ರೈವರ್ ತಾನೇ ಕೆಳಗೆ ತೂರಿ, ಕಡ್ಡಿ ಹಿಡಿದು ಅಲ್ಲಾಡಿಸಿದ.

"ಕಡ್ಡಿ ಸಡ್ಲ್ ಆಗ್ಯದ್ರಿ ಮಿಸ್ತ್ರಿ. ರಬ್ಬರ್ ಪೂರಾ ತಿಂದದ." ಅವನ ದನಿಯಲ್ಲಿ ಸೊಕ್ಕಿರಲಿಲ್ಲ, ಗಾಬರಿಯಿತ್ತು. "ನೀವಽ ಕಲಿಸಿದ್ದಲ್ರಿ ನನಗ, ಮೊದಲ ಕಡ್ಡಿ ನೋಡಂತ."

ಮಾಲೀಕನಿಗೆ ಅಷ್ಟು ಸಾಕಾಯಿತು. "ಅಂಗಡ್ಯಾವ್ನೂ ನೀನೂ ಕೂಡಿ ಧಂದಾ ನಡಸೀರೇನು?" ಎಂದು ಕೂಗಿದ. ಹಿರಿಯರಿಗೆ ನೀನು ಎಂದ. ರಸ್ತೆಯ ಮಂದಿ ನಿಂತು ನೋಡಿದರು. ಮಿಸ್ತ್ರಿ ಬೈಸಿಕೊಂಡಷ್ಟು ಹೊತ್ತೂ ತಮ್ಮ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ನಿಂತಿದ್ದರು. ನಾನು ಅಂಗಡಿಯ ಒಳಗಿದ್ದೆ. ಹೊರಗೆ ಬಂದು, "ಅವರಂಥವರಲ್ಲ," ಎಂದು ಹೇಳಲಿಲ್ಲ. ಹೇಳಿದ್ದರೆ ನಿಜ ಏನೆಂದೂ ಹೇಳಬೇಕಾಗುತ್ತಿತ್ತು.

ಆ ದಿನದಿಂದ ಅವರು ಉಲ್ಟಾ ಆದರು. ಬಲೂನು ಬದಲಾಯಿಸಿದರೆ ಕಳ್ಳನೆನ್ನುತ್ತಾರೆ ಎಂಬ ಭಯ. ಕೆಳಗೆ ಹೋಗುವರು, ಮಡಿಕೆಯ ಗುಂಟ ಬೆರಳು ಆಡಿಸುವರು, ಹೊರಗೆ ಬಂದು ಕೀಲಿ ಬಿಚ್ಚುವರು. "ಹೋಗಬಹುದು." ದನಿ ಮೊದಲಿನಂತೆ ಇರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡುವರು. ಹಿಂದೆಂದೂ ಅವರು ಹೊರಟ ಬಸ್ಸನ್ನು ತಿರುಗಿ ನೋಡಿದವರಲ್ಲ.

ಎರಡು ತಿಂಗಳಿಗೆ ಕಾಲಿಗೆ ಗಾಯವಾಯಿತು. ಬರಿಗಾಲಲ್ಲಿ ಬಸ್ಸಿನ ಕೆಳಗೆ ಹೋದಾಗ ಯಾವುದೋ ತಗಡು ಕೊಯ್ದಿದೆ, ಅದೂ ತಿಳಿದಿಲ್ಲ. ಮನೆಯಲ್ಲಿ ಹೆಂಡತಿ ನೆಲದ ಮೇಲಿನ ರಕ್ತದ ಹೆಜ್ಜೆ ನೋಡಿ ಕೂಗಿಕೊಂಡಾಗಲೇ ತಿಳಿದದ್ದು. ಗಾಯ ಮಾಯಲಿಲ್ಲ. ದೊಡ್ಡ ದವಾಖಾನೆಯಲ್ಲಿ ಮೊದಲು ಕಾಲಿನ ಎರಡು ಬೆರಳು, ಆಮೇಲೆ ಮೊಣಕಾಲಿನವರೆಗೆ ತೆಗೆದರು.

ರಂಗಂಪೇಟೆಯ ಅವರ ಮನೆಗೆ ನಾನು ಹೋದದ್ದು ಅವರು ದವಾಖಾನೆಯಿಂದ ಬಂದ ಮೇಲೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಕೈಯಲ್ಲಿ ಮೋಸಂಬಿ ಹಿಡಿದುಕೊಂಡಿದ್ದೆ. "ಸಕ್ರಿ ರೋಗದಾಂವಗ ಹಣ್ಣ ತಂದೀರಿ. ವ್ಯಾಪಾರಸ್ಥ ಬಿಡ್ರಿ ನೀವು, ಏನರೆ ಒಂದು ದಾಟಿಸ್ತೀರಿ," ಎಂದು ನಕ್ಕರು. ಅವರ ಹೆಂಡತಿ ಚಹಾ ತರಲು ಒಳಗೆ ಹೋದರು. ಮಿಸ್ತ್ರಿ ನಗುವುದನ್ನು ನಿಲ್ಲಿಸಿದರು.

"ನಿಮಗ ಗೊತ್ತಿತ್ತು," ಎಂದರು.

ಈ ಸಲ ಎದ್ದು ಹೋಗಲು ಫೋನಿರಲಿಲ್ಲ. "ಹೌದ್ರಿ," ಎಂದೆ.

"ಯಾಕ ಹೇಳ್ಲಿಲ್ರಿ? ನಾ ದಿನಾ ಕಾಯ್ತಿದ್ದೆ. ಒಬ್ಬರರೆ ಸಾಕು ಮಾಡಂತ ಅಂದ್ರ ಬಿಡತಿದ್ದೆ. ನನ್ನ ಬಾಯಿಲೆ ನಾ ಹ್ಯಾಂಗ ಹೇಳ್ಲಿ?"

ಅವರು ಉತ್ತರಕ್ಕೆ ಕಾಯಲಿಲ್ಲ. ಗೋಡೆಯ ಕಡೆ ನೋಡುತ್ತಾ ಹೇಳಿದರು: "ಬಲೂನ್ ಬದಲ ಮಾಡಿದ್ದಕ್ಕ ಚಿಂತಿ ಇಲ್ಲ. ರೊಕ್ಕ ಹೋತು, ಜೀವ ಹೋಗ್ಲಿಲ್ಲ. ಆದ್ರ ಆಮ್ಯಾಲ ಐದು ಗಾಡಿ ಬಿಟ್ಟೀನ್ರಿ. ಐದರಾಗೂ ಗಾಳಿ ಇಳೀತಿತ್ತು. ಮಡಿಕಿ ಒಳಗ ಬೆರಳು ಹಾಕ್ದೆ, ನನಗ ಏನೂ ತಿಳೀಲಿಲ್ಲ. ಕಟ್ಟಿಗಿ ಹಾಕಿದಂಗ ಇತ್ತು. ಬರೇ ಪೈಪಿನ ನಟ್ ಬಿಗಿ ಮಾಡಿ, ಹೋಗಬಹುದು ಅಂದೆ. ಕಣ್ಣ ಮುಚ್ಚಿದ್ರ ಆ ಐದೂ ಗಾಡಿ ಬರ್ತಾವ. ನಿದ್ದಿ ಇಲ್ರಿ ನನಗ."

ವೇಗದಲ್ಲಿರುವ ಬಸ್ಸಿನ ಬಲೂನು ತಿರುವಿನಲ್ಲಿ ಒಡೆದರೆ ಏನಾಗುತ್ತದೆ ಎಂದು ಅವರು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಐದೂ ಬಸ್ಸು ಯಾರವು, ಯಾವ ಬಣ್ಣ, ಯಾವ ಮೂಲೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. "ಒಂದ್ ಸಲ ನೋಡಸ್ರಿ ಸಾವ್ಕಾರ್ರ. ಬೆರಳು ಇದ್ದಾವ್ರ ಕೈಲೆ ನೋಡಸ್ರಿ," ಎಂದರು.

ಕಡ್ಡಿಯ ದೋಷ ಹಿಡಿದ ಆ ಡ್ರೈವರನನ್ನೇ ಹುಡುಕಿ ಕರೆದುಕೊಂಡು ಹೋದೆ. ಯಾಕೆ ಎಂದು ಹೇಳಿದಾಗ ಅವನು ಅಲ್ಲೇ ರಸ್ತೆಯ ಮೇಲೆ ಕೂತುಬಿಟ್ಟ. "ಅವತ್ತ ನಾ ಬಾಯಿ ಮುಚ್ಚಿಕೊಂಡಿದ್ರ ಛಲೋ ಇತ್ತಲ್ರಿ," ಎಂದ. ಬಾಯಿ ಮುಚ್ಚಿಕೊಂಡವನು ನಾನು, ಅವನಲ್ಲ ಎಂದು ಹೇಳಬೇಕೆನಿಸಿತು. ಅದನ್ನೂ ಹೇಳಲಿಲ್ಲ.

ಮೊದಲ ಬಸ್ಸು ಸುರಪುರದಲ್ಲೇ ಸಿಕ್ಕಿತು. ಎರಡನೆಯದಕ್ಕೆ ನಾರಾಯಣಪುರದವರೆಗೆ ಹೋಗಬೇಕಾಯಿತು. ಅಲ್ಲಿಂದ ಮದುವೆಯ ದಿಬ್ಬಣ ತುಂಬಿಕೊಂಡು ಹೊರಟಿತ್ತು, ಮದುವಣಗಿತ್ತಿಯ ಸೋದರಮಾವನ ಕೈಕಾಲು ಹಿಡಿದು ಅರ್ಧ ತಾಸು ನಿಲ್ಲಿಸಿಕೊಂಡೆವು. ಮೂರನೆಯದು ಯಾದಗಿರಿ. ಮೂರರಲ್ಲೂ ಮಡಿಕೆ ಚೆನ್ನಾಗಿತ್ತು. ಪೈಪಿನ ನಟ್ಟೇ ಸಡಿಲವಾಗಿದ್ದಿರಬೇಕು, ಮಿಸ್ತ್ರಿ ಬಿಗಿ ಮಾಡಿದ್ದೇ ಸರಿಯಾಗಿತ್ತು. ನನಗೆ ಹುರುಪು ಬಂತು. ಸುಮ್ಮನೆ ಕೊರಗುತ್ತಿದ್ದಾರೆ ಮುದುಕ ಎಂದುಕೊಂಡೆ.

ನಾಲ್ಕನೆಯದು ವಡಗೇರಾದಲ್ಲಿ. ನನ್ನ ಜೊತೆಗಿದ್ದ ಡ್ರೈವರ್ ಕೆಳಗೆ ಹೋಗಿ, ಮಡಿಕೆಯ ಗುಂಟ ಬೆರಳಾಡಿಸಿದ. ಆಮೇಲೆ ನನ್ನನ್ನೂ ಕರೆದ. ಅಷ್ಟು ವರ್ಷ ಬಲೂನು ಮಾರಿದರೂ ನಾನು ಬಸ್ಸಿನ ಕೆಳಗೆ ಹೋದವನಲ್ಲ. ಅವನು ನನ್ನ ಕೈ ಹಿಡಿದು ಮಡಿಕೆಯ ಒಳಗೆ ಇಟ್ಟ. ಉಗುರು ಸಿಕ್ಕಿಕೊಳ್ಳುವಷ್ಟು ಸೀಳು, ಒಂದು ಗೇಣು ಉದ್ದ, ಒಳಗಿನ ದಾರ ಹೊರಗೆ ಬಂದಿದೆ. ಆ ಬಸ್ಸು ಹಿಂದಿನ ದಿನವಷ್ಟೇ ಪುಣೆಯಿಂದ ಮಂದಿ ತುಂಬಿಕೊಂಡು ಬಂದಿತ್ತು. ಅಲ್ಲೇ ನೆಲದ ಮೇಲೆ ಮಲಗಿಕೊಂಡು ನಾನು ನಮ್ಮ ಮನೆದೇವರನ್ನು ನೆನೆದೆ. ಅಂಗಡಿಯಿಂದ ಹೊಸ ಬಲೂನು ತರಿಸಿ ಹಾಕಿಸಿದೆವು.

ಇದನ್ನು ಮಿಸ್ತ್ರಿಗೆ ಹೇಳಬಾರದೆಂದುಕೊಂಡಿದ್ದೆ. ಆದರೆ ಅವರು ಮುಖ ನೋಡಿಯೇ ಹಿಡಿದರು. "ನಾಲ್ಕನೇದ್ರಾಗ ಇತ್ತಲ್ಲ?" ಎಂದರು. ತಲೆಯಾಡಿಸಿದೆ. ಆ ದಿನದಿಂದ ಅವರು ಊಟ ಬಿಟ್ಟರು ಎಂದೇ ಹೇಳಬೇಕು. ಹೋದಾಗೊಮ್ಮೆ ಒಂದೇ ಪ್ರಶ್ನೆ: "ಐದನೇದು ಸಿಕ್ತೇನ್ರಿ?"

ಐದನೆಯದು ಸಿಗಲಿಲ್ಲ. ಮಾಲೀಕ ಅದನ್ನು ಮಾರಿಬಿಟ್ಟಿದ್ದ. ಕೊಂಡ ದಲಾಲ ಹೈದರಾಬಾದಿನವನು, ಅವನು ಇನ್ನೊಬ್ಬ ದಲಾಲನಿಗೆ ಕೊಟ್ಟಿದ್ದ. ಆ ಎರಡನೆಯವನು ಫೋನ್ ಎತ್ತಿ, ಬಣ್ಣ ಬಳಿದು ಉತ್ತರದ ಕಡೆ ಯಾರಿಗೋ ಕೊಟ್ಟೆ, ಚೀಟಿ ಹುಡುಕಬೇಕು ಎಂದ. ಮತ್ತೆ ಮಾಡಿದರೆ ಎತ್ತಲಿಲ್ಲ. ನಾನೇ ಹೈದರಾಬಾದಿಗೆ ಹೋಗಿ ಎರಡು ದಿನ ಅಲೆದೆ. ಹಳೆಯ ಬಸ್ಸು ಮಾರುವ ಅಂಗಳದಲ್ಲಿ ಪ್ರತಿಯೊಂದು ಬಸ್ಸಿನಲ್ಲೂ ಮಿಸ್ತ್ರಿ ಹೇಳಿದ್ದ ಹಿಂದಿನ ಎಡಮೂಲೆ ಬಗ್ಗಿ ನೋಡುತ್ತಾ ಹೋದೆ. ಕಾವಲಿನವನು ಹುಚ್ಚನೆಂದು ತಿಳಿದು ಹೊರಗೆ ಹಾಕಿದ.

ವಾಪಸು ಬಂದ ಸಂಜೆ ನೇರವಾಗಿ ರಂಗಂಪೇಟೆಗೆ ಹೋದೆ. ಮಿಸ್ತ್ರಿಯ ಮೈಯಲ್ಲಿ ಏನೂ ಉಳಿದಿರಲಿಲ್ಲ. ಕಣ್ಣು ಮಾತ್ರ ನನ್ನ ಬಾಯಿಯ ಮೇಲೆ ನೆಟ್ಟಿದ್ದವು. ಕೇಳಲು ಅವರಿಗೆ ಶಕ್ತಿಯಿರಲಿಲ್ಲ.

"ಸಿಕ್ತ್ರಿ ಮಿಸ್ತ್ರಿ," ಎಂದೆ. "ಹೈದರಾಬಾದ್ನ್ಯಾಗ ಇತ್ತು. ಬಲೂನ್ ಬರಾಬರ್ ಅದ. ನಾನಽ ಕೈ ಹಾಕಿ ನೋಡ್ದೆ."

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಹಾಸಿಗೆಯ ಮೇಲೆ ಕೈ ಸರಿಸಿಕೊಂಡು ಬಂದು, ನನ್ನ ಕೈ ಹಿಡಿದರು. ಒತ್ತಿದರು ಎಂದೇ ಕಾಣುತ್ತದೆ. ಎಷ್ಟು ಒತ್ತಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನಾಲ್ಕನೆಯ ದಿನ ಹೋದರು.

ಮಣ್ಣಿಗೆ ಹೋಗಿ ಬಂದ ಮೇಲೆ ಅವರ ಹೆಂಡತಿ ನನ್ನನ್ನು ಒಂದು ಬದಿಗೆ ಕರೆದರು. ಅತ್ತು ಅತ್ತು ದನಿ ಬಿದ್ದಿತ್ತು. "ಅಣ್ಣಾರ, ನಿಮ್ಮ ಉಪಕಾರ ಮರಿಯಂಗಿಲ್ರಿ. ಆ ಗಾಡಿ ಸಿಕ್ತಂತ ನೀವು ಹೇಳಿ ಹೋದ್ರಲ್ಲ, ಅವತ್ತ ಮಲಗ್ಯಾರ ನೋಡ್ರಿ, ಮುಂಜಾನಿ ತನಕ ಮಗ್ಗಲ ಬದಲ ಮಾಡ್ಲಿಲ್ಲ. ಎಷ್ಟ್ ತಿಂಗಳ ಮ್ಯಾಲ ನಿದ್ದಿ ಮಾಡಿದ್ರು," ಎಂದು ನನ್ನ ಕಾಲಿಗೆ ಬಾಗಲು ಬಂದರು. ನಾನು ಹಿಂದೆ ಸರಿದೆ.

ದಲಾಲನಿಗೆ ಈಗಲೂ ದಿನಕ್ಕೊಮ್ಮೆ ಫೋನ್ ಮಾಡುತ್ತೇನೆ. ಎತ್ತುವುದಿಲ್ಲ. ಆ ಬಸ್ಸು ಯಾವ ರಸ್ತೆಯಲ್ಲಿದೆಯೋ ನನಗೆ ಗೊತ್ತಿಲ್ಲ. ಅದರಲ್ಲಿ ಮೂವತ್ತಾರು ಮಂದಿ ಮಲಗಬಹುದು.